ಮೆಟ್ರೊಡೋರಸನ ಮಕ್ಕಳು

ಕಳೆದ ಆಷಾಢದಲ್ಲಿ ಒಂದು ರಾತ್ರಿ ಎರಡು ಗಂಟೆ ಹೊತ್ತಿಗೆ, ಬಲಪಕ್ಕೆಗೆ ಯಾರೋ ಚೂರಿ ಹಾಕಿ ತಿರುವಿದ ಹಾಗಾಗಿ ಎದ್ದು ಕೂತೆ. ಮಲಗಿದರೆ ನೋವು, ಕೂತರೆ ನೋವು, ಗೋಡೆ ಹಿಡಿದು ನಿಂತರೂ ನೋವು. ಹೊಟ್ಟೆನೋವಾದರೆ ಮುದುಡಿಕೊಂಡು ಮಲಗಬಹುದು, ತಲೆನೋವಾದರೆ ಕಣ್ಣು ಮುಚ್ಚಬಹುದು. ಇದಕ್ಕೆ ಅಂಥದ್ದೊಂದು ಆಸರೆಯೂ ಇರಲಿಲ್ಲ. ಹೆಂಡತಿ ಪಕ್ಕದ ಮನೆಯವರನ್ನು ಎಬ್ಬಿಸಿ ಅವರ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಸ್ಕ್ಯಾನ್ ಆದ ಮೇಲೆ ಡ್ಯೂಟಿ ಡಾಕ್ಟರು ಪರದೆಯ ಮೇಲೆ ಜೋಳದ ಕಾಳಿನಷ್ಟಿದ್ದ ಒಂದು ಬಿಳಿ ಚುಕ್ಕೆ ತೋರಿಸಿ, "5 ಮಿಲಿಮೀಟರ್ ಇದೆ ಸರ್, ಮೂತ್ರನಾಳದಲ್ಲಿ ಸಿಕ್ಕಿಕೊಂಡಿದೆ. ನೀರು ಕುಡೀತಾ ಇರಿ, ತಾನೇ ಹೋಗುತ್ತೆ" ಅಂದರು.

ಹೋಯಿತು, ಆರನೆಯ ದಿನಕ್ಕೆ. ಆ ಆರೂ ದಿನ ನನ್ನ ತಲೆಯಲ್ಲಿ ಸುತ್ತುತ್ತಿದ್ದದ್ದು ಇದೇ ಕಾಯಿಲೆಯಿಂದ ಸತ್ತ ಒಬ್ಬ ಗ್ರೀಕನ ನಾಲ್ಕು ಸಾಲಿನ ಕಾಗದ.

ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸ್ ಸತ್ತದ್ದು ಕ್ರಿ.ಪೂ. 270ರ ಸುಮಾರಿಗೆ, ಅಥೆನ್ಸಿನಲ್ಲಿ, ತನ್ನ 72ನೆಯ ವಯಸ್ಸಿನಲ್ಲಿ. ಕಲ್ಲು ಅಡ್ಡಬಂದು ಮೂತ್ರ ಕಟ್ಟಿ, 14 ದಿನ ನರಳಿದ. ಆ ಹಾಸಿಗೆಯಿಂದ ಇಡೊಮೆನಿಯಸ್ ಎಂಬ ಗೆಳೆಯನಿಗೆ ಬರೆದ ಕಾಗದ ಉಳಿದುಬಂದಿದೆ. ನನ್ನ ಕೈಲಾದ ಕನ್ನಡದಲ್ಲಿ ಅದು ಹೀಗಿದೆ:

"ನನ್ನ ಬಾಳಿನ ಧನ್ಯ ದಿನ ಇದು, ಕೊನೆಯ ದಿನವೂ ಇದೇ. ಇಂದು ನಿನಗೆ ಬರೆಯುತ್ತಿದ್ದೇನೆ. ಮೂತ್ರ ಕಟ್ಟಿದ ಬಾಧೆ, ಭೇದಿಯ ಬಾಧೆ ಬಿಡದೆ ಹಿಂಡುತ್ತಿವೆ. ಇನ್ನು ಅವು ಹೆಚ್ಚುವುದಕ್ಕೂ ಜಾಗವಿಲ್ಲ. ಅವೆಲ್ಲದರ ಎದುರಿಗೆ, ನಾವು ಆಡಿದ ಮಾತುಗಳ ನೆನಪಿನಿಂದ ಮನಸ್ಸಿಗಾಗುವ ಆನಂದ ಸಾಲುಗಟ್ಟಿ ನಿಂತಿದೆ. ಚಿಕ್ಕಂದಿನಿಂದ ನೀನು ನನ್ನ ಮೇಲೆ, ತತ್ವಚಿಂತನೆಯ ಮೇಲೆ ಇಟ್ಟುಕೊಂಡು ಬಂದ ಪ್ರೀತಿಗೆ ತಕ್ಕ ಹಾಗೆ, ಮೆಟ್ರೊಡೋರಸನ ಮಕ್ಕಳನ್ನು ನೋಡಿಕೋ."

ಮೆಟ್ರೊಡೋರಸ್ ಅಂದರೆ ಎಪಿಕ್ಯೂರಸನಿಗಿಂತ ಮೊದಲೇ ತೀರಿಕೊಂಡಿದ್ದ ಅವನ ಗೆಳೆಯ. ಈ ಕಾಗದವನ್ನು ನಾನು ಮೊದಲು ಕೇಳಿದ್ದು ಮೈಸೂರಿನಲ್ಲಿ, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ. ನನ್ನದು ಕಾಮರ್ಸು. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದವನು ಮಾನಸಗಂಗೋತ್ರಿಯಲ್ಲಿ ಫಿಲಾಸಫಿ ಎಂ.ಎ. ಮಾಡುತ್ತಿದ್ದ. ಸಂಜೆ ಊಟದ ಗಂಟೆ ಹೊಡೆಯುವವರೆಗೂ ಏರಿಯ ಮೇಲೆ ನಡೆಯುವುದು ನಮ್ಮಿಬ್ಬರ ರೂಢಿ. ಅವನು ತರಗತಿಯಲ್ಲಿ ಕೇಳಿದ್ದನ್ನೆಲ್ಲ ನನಗೆ ಒಪ್ಪಿಸುತ್ತಿದ್ದ. ಈ ಕಾಗದ ಹೇಳಿದ ದಿನ ನಾನು, "ಸುಳ್ಳು ಕಣೋ ಇದು. ಅಷ್ಟು ನೋವು ತಿನ್ನುವವನು ಧನ್ಯ ದಿನ ಅಂತ ಬರೀತಾನಾ?" ಅಂದೆ. ಅವನು ಕೆರೆಯ ಕಡೆ ನೋಡುತ್ತಾ, "ನಿನಗೂ ಅಂಥ ನೋವು ಬಂದಾಗ ನೋಡಿ ಹೇಳು" ಅಂದ.

ಬಂತು. ನೋಡಿದೆ. ಹೇಳೋಣವೆಂದರೆ ಅವನಿಲ್ಲ. ನಾಲ್ಕು ವರ್ಷದ ಹಿಂದೆ ಹೃದಯಾಘಾತದಲ್ಲಿ ಹೋಗಿಬಿಟ್ಟ.

ಅವನಿಗೆ ಹೇಳಬೇಕಾಗಿದ್ದದ್ದನ್ನು ಇಲ್ಲೇ ಹೇಳುತ್ತೇನೆ. ನೋವು ನೆತ್ತಿಗೇರಿದಾಗ ನನಗೆ ಯಾವ ನೆನಪೂ ಬರಲಿಲ್ಲ. ಹೆಂಡತಿಯ ಮುಖವೂ ಕಾಣಲಿಲ್ಲ. ಮೈಯೆಲ್ಲ ಒಂದು ಬಿಂದುವಿನಲ್ಲಿ ಇತ್ತು, ಮನಸ್ಸು ಅಂತ ಬೇರೆ ಏನೂ ಇರಲಿಲ್ಲ. ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆಯಾಗಿ, ನೋವು ಇನ್ನೂ ಇದ್ದೂ ಒಂದು ಹೆಜ್ಜೆ ಹಿಂದೆ ಸರಿದಾಗ, ಕುಕ್ಕರಹಳ್ಳಿ ಏರಿ ಬಂತು. ಕೆರೆಯ ನಡುಗಡ್ಡೆಯ ಮರಗಳ ಮೇಲೆ ಕೂತ ಕೊಕ್ಕರೆಗಳು, ಅವನ ಸವೆದ ಹವಾಯಿ ಚಪ್ಪಲಿಯ ಸದ್ದು, "ನೋಡಿ ಹೇಳು" ಅಂದ ಧ್ವನಿ, ಎಲ್ಲ ಬಂತು. ಅಷ್ಟು ಹೊತ್ತು ಸಮಾಧಾನವಾಗಿದ್ದೆ. ಮತ್ತೆ ನೋವಿನ ಅಲೆ ಎದ್ದಾಗ ಎಲ್ಲ ಅಳಿಸಿಹೋಯಿತು.

ಮನೆಗೆ ಬಂದ ಮೇಲೆ ಆ ಕಾಗದದ ಮೂಲ ಪದಗಳನ್ನು ಹುಡುಕಿದೆ. ನನಗೆ ಗ್ರೀಕ್ ಬರುವುದಿಲ್ಲ, ನಿಘಂಟು ಹಿಡಿದು ಒಂದೊಂದೇ ಪದ ಬಿಡಿಸಿಕೊಳ್ಳುವಷ್ಟೇ ಗೊತ್ತು. 'ಸಾಲುಗಟ್ಟಿ ನಿಂತಿದೆ' ಅಂತ ನಾನು ಬರೆದ ಜಾಗದಲ್ಲಿ ಎಪಿಕ್ಯೂರಸ್ ಬಳಸಿರುವುದು ದಂಡಿನ ಮಾತು. ವೈರಿ ಪಡೆಯ ಎದುರಿಗೆ ನಮ್ಮ ಪಡೆಯನ್ನು ಸಾಲು ಹಿಡಿಸಿ ನಿಲ್ಲಿಸುವುದಕ್ಕೆ ಆ ಕ್ರಿಯಾಪದ. ಅಂದರೆ ನೋವು ಮಾಯವಾಯಿತು ಅಂತ ಅವನು ಹೇಳುತ್ತಿಲ್ಲ. ಗೆದ್ದೆ ಅಂತಲೂ ಹೇಳುತ್ತಿಲ್ಲ. ಆಚೆ ಕಡೆ ನೋವಿನ ಪಡೆ ನಿಂತಿದೆ, ಈಚೆ ಕಡೆ ಆಡಿದ ಮಾತುಗಳು ನಿಂತಿವೆ, ಅಷ್ಟೇ. ಇಪ್ಪತ್ತನೆಯ ವಯಸ್ಸಿನಲ್ಲಿ ನಾನು ಸುಳ್ಳೆಂದದ್ದು ಅವನು ಹೇಳದೇ ಇದ್ದ ಮಾತನ್ನು. ಅವನ ಪಡೆ 14 ದಿನ ನಿಂತಿತು. ನನ್ನದು ಕೆಲವು ನಿಮಿಷ ನಿಂತಿತು. ಈ ವ್ಯತ್ಯಾಸ ಎಲ್ಲಿಂದ ಬಂತು ಅನ್ನುವುದೇ ನನಗೆ ಹಿಡಿದ ಪ್ರಶ್ನೆ.

ಎಪಿಕ್ಯೂರಸ್ ಹುಟ್ಟಿದ್ದು ಕ್ರಿ.ಪೂ. 341ರಲ್ಲಿ, ಸಾಮೊಸ್ ದ್ವೀಪದಲ್ಲಿ, ಒಬ್ಬ ಬಡ ಶಾಲಾಮೇಷ್ಟರ ಮಗನಾಗಿ. ಮೂವತ್ತೈದರ ಆಸುಪಾಸಿನಲ್ಲಿ ಅಥೆನ್ಸಿಗೆ ಬಂದು ಒಂದು ಮನೆಯನ್ನೂ ಊರ ಬಾಗಿಲಾಚೆ ಒಂದು ತೋಟವನ್ನೂ ಕೊಂಡ. ತೋಟದ ಬೆಲೆ 80 ಮಿನಾ (ಗ್ರೀಕರ ಹಣದ ಲೆಕ್ಕ) ಎಂದು ಹಳೆಯ ದಾಖಲೆ ಹೇಳುತ್ತದೆ. ಅವನ ಪಂಥಕ್ಕೆ 'ತೋಟ' ಅಂತಲೇ ಹೆಸರಾಯಿತು. ಆ ತೋಟದಲ್ಲಿ ಹೆಂಗಸರೂ ಕೂತು ಕಲಿತರು, ಗುಲಾಮರೂ ಕಲಿತರು. ಮಿಸ್ ಎಂಬ ಗುಲಾಮ ಅವರಲ್ಲಿ ಹೆಸರುವಾಸಿ. ಅವನನ್ನೂ ಇನ್ನೂ ಮೂವರನ್ನೂ ಎಪಿಕ್ಯೂರಸ್ ತನ್ನ ಉಯಿಲಿನಲ್ಲಿ ಬಿಡುಗಡೆ ಮಾಡಿದ. ಬದುಕಿರುವಾಗಲೇ ಯಾಕೆ ಮಾಡಲಿಲ್ಲ ಅನ್ನುವ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಇಷ್ಟು ವಿವೇಕವಂತರ ಕಣ್ಣಿಗೂ ಅದು ಬೀಳಲಿಲ್ಲವಲ್ಲ ಅಂತ ನೋವಾಗುತ್ತದೆ.

ಸುಖವೇ ಬಾಳಿನ ಗುರಿ ಅಂದವನು ಇವನು. ಅಷ್ಟು ಸಾಕಾಯಿತು ಜನಕ್ಕೆ, ತಿಂದು ಕುಡಿದು ಮಜಾ ಮಾಡು ಅಂದವನೆಂದು ಹಣೆಪಟ್ಟಿ ಅಂಟಿಸಿಬಿಟ್ಟರು. ನಮ್ಮ ಚಾರ್ವಾಕರಿಗೂ ಇದೇ ಗತಿಯಾಯಿತು. 'ಸಾಲ ಮಾಡಿಯಾದರೂ ತುಪ್ಪ ಕುಡಿ' ಎಂದರಂತೆ ಅನ್ನುತ್ತೇವೆ, ಆದರೆ ಆ ಮಾತು ನಮಗೆ ಸಿಕ್ಕಿರುವುದು ಅವರ ವಿರೋಧಿಗಳ ಪುಸ್ತಕಗಳಿಂದ. ಎಪಿಕ್ಯೂರಸನ ವಿಷಯದಲ್ಲಾದರೂ ಅವನ ಸ್ವಂತ ಮಾತು ಸ್ವಲ್ಪ ಉಳಿದಿದೆ. ಒಬ್ಬ ಗೆಳೆಯನಿಗೆ ಬರೆದ ಕಾಗದದಲ್ಲಿ ಅವನು ಕೇಳುವುದು ಇಷ್ಟು: "ಒಂದು ಪುಟ್ಟ ಕುಡಿಕೆಯಲ್ಲಿ ಗಿಣ್ಣು ಕಳಿಸು, ಬೇಕೆನಿಸಿದಾಗ ಹಬ್ಬದೂಟ ಮಾಡುತ್ತೇನೆ." ಚೀಸ್ ಅನ್ನುವುದಕ್ಕೆ ಗಿಣ್ಣು ಅಂದಿದ್ದೇನೆ, ಎರಡೂ ಒಂದೇ ಅಲ್ಲ, ಆದರೆ ಕರು ಹಾಕಿದ ಮನೆಯಿಂದ ಬರುವ ಆ ಪುಟ್ಟ ಪಾತ್ರೆಯ ಸಡಗರ ಒಂದೇ. ರೋಮಿನ ಸೆನೆಕಾ ಬೇರೆ ಪಂಥದವನಾಗಿದ್ದೂ ಬರೆಯುತ್ತಾನೆ: ತೋಟದ ಬಾಗಿಲಲ್ಲಿ 'ಅತಿಥಿಯೇ, ಇಲ್ಲಿ ನೀನು ಹಾಯಾಗಿರುತ್ತೀ, ಇಲ್ಲಿ ಸುಖವೇ ಪರಮ' ಎಂಬ ಬರಹ ಕಾಣುತ್ತೀರಿ, ಒಳಗೆ ಹೋದರೆ ತೋಟದ ಕಾವಲಿನವನು ಜವೆಗೋಧಿಯ ಅಂಬಲಿಯನ್ನೂ ಬೇಕಾದಷ್ಟು ನೀರನ್ನೂ ಇಟ್ಟು, 'ಚೆನ್ನಾಗಿ ಉಪಚಾರ ಆಯಿತಲ್ಲವೆ?' ಅಂತ ಕೇಳುತ್ತಾನೆ.

ಸುಖವೆಂದು ಅವನು ಕರೆದದ್ದು ಮೈಗೆ ನೋವಿಲ್ಲದ, ಮನಸ್ಸಿಗೆ ಕಳವಳವಿಲ್ಲದ ಸ್ಥಿತಿಯನ್ನು. ಮನಸ್ಸಿನ ಆ ಸ್ಥಿತಿಗೆ ಅವನ ಪದ ಅತರಾಕ್ಸಿಯ. ಸುಖ ಅನ್ನುವುದಕ್ಕಿಂತ ನಮ್ಮ ನೆಮ್ಮದಿ ಅದಕ್ಕೆ ಹತ್ತಿರ. ಅಲ್ಲಿಗೆ ಹೋಗುವ ದಾರಿ ಆಸೆಗಳ ಲೆಕ್ಕ. ಕೆಲವು ಆಸೆ ಸಹಜ, ತೀರಲೇಬೇಕು: ಹಸಿವು, ಬಾಯಾರಿಕೆ, ಚಳಿ. ಕೆಲವು ಸಹಜ, ಆದರೆ ತೀರದಿದ್ದರೂ ನಡೆದೀತು. ಇನ್ನು ಕೆಲವು ಸಹಜವೂ ಅಲ್ಲ, ಬೇಕಾದವೂ ಅಲ್ಲ, ಬರೀ ಯಾರೋ ತುಂಬಿದ ಭ್ರಮೆಯಿಂದ ಹುಟ್ಟಿದವು. ಮೊದಲನೆಯದಕ್ಕೆ ಒಂದು ಮಿತಿಯಿದೆ, ಹೊಟ್ಟೆ ತುಂಬಿದರೆ ಸಾಕು ಅನ್ನುತ್ತದೆ. ಕೊನೆಯದು ಸಾಕು ಅನ್ನುವುದೇ ಇಲ್ಲ. ನಾನು ಬ್ಯಾಂಕಿನಲ್ಲಿ ಸಾಲದ ಕೌಂಟರಿನಲ್ಲಿ ಕೂತು ಎಷ್ಟೋ ವರ್ಷವಾಯಿತು. ಮಗಳ ಫೀಸಿಗೆ, ಬೋರ್‌ವೆಲ್ಲಿಗೆ ಸಾಲ ಕೇಳಲು ಬಂದವರಿಗೆ ಎಷ್ಟು ಬೇಕು ಅನ್ನುವುದು ಸರಿಯಾಗಿ ಗೊತ್ತಿರುತ್ತದೆ, ಚೀಟಿಯಲ್ಲಿ ಬರೆದುಕೊಂಡೇ ಬಂದಿರುತ್ತಾರೆ. ಮೂರು ಇಎಂಐ ಕಟ್ಟುತ್ತಾ ನಾಲ್ಕನೆಯದಕ್ಕೆ ಬಂದ ಹುಡುಗ ಮಾತ್ರ, "ಎಷ್ಟು ಸಿಗುತ್ತೆ ಸರ್?" ಅಂತ ಕೇಳುತ್ತಾನೆ. ಆ ಎರಡು ಪ್ರಶ್ನೆಗಳ ನಡುವಿನ ಅಂತರವನ್ನೇ ಎಪಿಕ್ಯೂರಸ್ ಕೈಯಿಟ್ಟು ತೋರಿಸಿದ್ದಾನೆ ಅನ್ನಿಸುತ್ತದೆ ನನಗೆ.

ಅವನು ಬರೆದದ್ದು ಸುಮಾರು 300 ಸುರುಳಿಗಳಂತೆ. ಉಳಿದದ್ದು ಮೂರು ಉದ್ದನೆಯ ಪತ್ರ, 40 ಮುಖ್ಯ ಸೂತ್ರ, ಉಯಿಲು, ಅಲ್ಲಲ್ಲಿ ಚೂರುಪಾರು. 1888ರಲ್ಲಿ ವ್ಯಾಟಿಕನ್ನಿನ ಒಂದು ಹಸ್ತಪ್ರತಿಯಲ್ಲಿ ಇನ್ನಷ್ಟು ನುಡಿಗಳು ಸಿಕ್ಕವು. ಆದರೆ ಅವನ ಪಂಥದವರ ಬರಹಗಳು ವಿಚಿತ್ರ ರೀತಿಯಲ್ಲಿ ಉಳಿದುಕೊಂಡಿವೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಹರ್ಕ್ಯುಲೇನಿಯಮ್ ಊರಿನ ಒಂದು ದೊಡ್ಡ ಮನೆಯಲ್ಲಿದ್ದ ಪುಸ್ತಕಗಳೆಲ್ಲ ಸುಟ್ಟು ಇದ್ದಿಲಾದವು. ಇದ್ದಿಲಾದ್ದರಿಂದಲೇ ಕೊಳೆಯದೆ ಉಳಿದವು. ಬಿಚ್ಚಹೋದರೆ ಪುಡಿಯಾಗುವ ಆ ಸುರುಳಿಗಳಲ್ಲೊಂದನ್ನು ಈಗ ಬಿಚ್ಚದೆಯೇ ಓದುತ್ತಿದ್ದಾರೆ. ನನ್ನ ಹೊಟ್ಟೆಯ ಕಲ್ಲನ್ನು ಪತ್ತೆ ಮಾಡಿದ್ದು ಯಾವ ವಿದ್ಯೆಯೋ ಆ ವಿದ್ಯೆಯೇ, ಎಕ್ಸ್‌ರೇಯಿಂದ ಪದರ ಪದರವಾಗಿ ಒಳಗನ್ನು ನೋಡುವುದು; ಇನ್ನೂ ಬಹಳ ಸೂಕ್ಷ್ಮವಾಗಿ. 2024ರ ಫೆಬ್ರವರಿಯಲ್ಲಿ ಮೂವರು ಯುವಕರು ಹೀಗೆ ಬೆಳಕಿಗೆ ತಂದ ಅಂಕಣಗಳನ್ನು ಪ್ರಕಟಿಸಿದರು. ಆ ಇದ್ದಿಲಿನ ಒಳಗೆ ಇದ್ದ ಮಾತು ಏನು ಗೊತ್ತೆ? ಊಟದ ವಿಷಯದಲ್ಲೂ ಅಷ್ಟೆ, ಅಪರೂಪಕ್ಕೆ ಸಿಗುವುದು ಧಾರಾಳವಾಗಿ ಸಿಗುವುದಕ್ಕಿಂತ ಖಂಡಿತ ಹೆಚ್ಚು ರುಚಿ ಎಂದು ನಾವು ಥಟ್ಟನೆ ನಂಬುವುದಿಲ್ಲ, ಅಂತ. ಸುಮಾರು 2,000 ವರ್ಷ ಇದ್ದಿಲಿನಲ್ಲಿ ಹುದುಗಿದ್ದ ಸಾಲು. ಇದನ್ನು ಓದಿದ ರಾತ್ರಿ ನಾನು ಊಟದ ತಟ್ಟೆಯ ಮುಂದೆ ಕೂತು ಅನ್ನವನ್ನು ಬೇರೆ ಕಣ್ಣಿನಿಂದ ನೋಡಿದೆ.

ಇನ್ನು ವಿವೇಕದ ಮಾತು. ಇದನ್ನು ಎಪಿಕ್ಯೂರಸನಿಗಿಂತ ಮೊದಲು ಬಿಡಿಸಿ ಹೇಳಿದವನು ಅರಿಸ್ಟಾಟಲ್ (ಕ್ರಿ.ಪೂ. 384–322). ಅವನು ಬಾಳಿನ ಗುರಿಗೆ ಕೊಟ್ಟ ಹೆಸರು ಯೂಡೈಮೋನಿಯ. ಇದನ್ನು ಸಂತೋಷ ಅಂದರೆ ಹೊಂದುವುದಿಲ್ಲ. ಸಂತೋಷ ಒಂದು ಗಳಿಗೆಯದು, ಇದು ಇಡೀ ಆಯುಷ್ಯದ್ದು. ಒಂದು ಅಂಬರಗುಬ್ಬಿ ಕಂಡ ಮಾತ್ರಕ್ಕೆ ವಸಂತ ಬಂದಂತಲ್ಲ ಅನ್ನುವ ಮಾತನ್ನು ಅವನು ಹೇಳಿದ್ದು ಇಲ್ಲೇ. ನಮ್ಮ ಕಡೆ ಒಬ್ಬರು ಹೋದಾಗ ಹಿರಿಯರು, "ಬಾಳಿ ಬದುಕಿದ ಜೀವ" ಅನ್ನುತ್ತಾರೆ. ಮೈಮನಸ್ಸು ಬಳಸಿ, ನಾಲ್ಕು ಜನಕ್ಕಾಗಿ, ತುಂಬಿ ಬಾಳಿದವರಿಗೆ ಮಾತ್ರ ಆ ಮಾತು. ಯೂಡೈಮೋನಿಯಕ್ಕೆ ನನಗೆ ತೋಚುವ ಕನ್ನಡ ಇದೇ.

ಅರಿಸ್ಟಾಟಲ್ ಜ್ಞಾನವನ್ನೂ ವಿವೇಕವನ್ನೂ ಬೇರೆ ಮಾಡುತ್ತಾನೆ. ಎಂದಿಗೂ ಬದಲಾಗದ ಸತ್ಯಗಳನ್ನು ಅರಿಯುವುದು ಸೋಫಿಯ. ಈ ಹೊತ್ತಿನಲ್ಲಿ, ಇವರ ಜೊತೆ, ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನು ಕಾಣುವುದು ಫ್ರೊನೇಸಿಸ್, ಅಂದರೆ ವಿವೇಕ. ಅವನ ಉದಾಹರಣೆ ಅಡುಗೆಮನೆಯದು: ಹಗುರವಾದ ಮಾಂಸ ಚೆನ್ನಾಗಿ ಜೀರ್ಣವಾಗುತ್ತದೆ ಅಂತ ಗೊತ್ತಿದ್ದು ಯಾವ ಮಾಂಸ ಹಗುರ ಅಂತ ಗೊತ್ತಿಲ್ಲದವನಿಂದ ಯಾರಿಗೂ ಆರೋಗ್ಯವಾಗದು, ಕೋಳಿ ಒಳ್ಳೆಯದು ಅಂತಷ್ಟೇ ಬಲ್ಲವನಿಂದ ಆದೀತು. ಹುಡುಗರು ರೇಖಾಗಣಿತದಲ್ಲಿ ಜಾಣರಾಗಬಹುದು, ಫ್ರೊನೇಸಿಸ್ ಮಾತ್ರ ಅವರಲ್ಲಿ ಕಾಣದು, ಏಕೆಂದರೆ ಅದಕ್ಕೆ ಅನುಭವ ಬೇಕು, ಅನುಭವಕ್ಕೆ ಕಾಲ ಬೇಕು ಅಂತಲೂ ಹೇಳುತ್ತಾನೆ. ಆದರೂ ಕೊನೆಗೆ ಅವನು ಮೇಲಿನ ಗದ್ದುಗೆ ಕೊಡುವುದು ಸೋಫಿಯಕ್ಕೆ. ಎಪಿಕ್ಯೂರಸ್ ಇದನ್ನು ತಲೆಕೆಳಗು ಮಾಡಿದ. ಮೆನೀಸಿಯಸ್ ಎಂಬವನಿಗೆ ಬರೆದ ಪತ್ರದಲ್ಲಿ, ತತ್ವಶಾಸ್ತ್ರಕ್ಕಿಂತಲೂ ವಿವೇಕ ಬೆಲೆಯುಳ್ಳದ್ದು, ಮಿಕ್ಕ ಗುಣಗಳೆಲ್ಲ ಹುಟ್ಟುವುದು ಅದರಿಂದಲೇ, ವಿವೇಕದಿಂದ, ಮರ್ಯಾದೆಯಿಂದ, ನ್ಯಾಯದಿಂದ ಬಾಳದೆ ಸುಖವಾಗಿ ಬಾಳಲು ಸಾಧ್ಯವೇ ಇಲ್ಲ ಅನ್ನುತ್ತಾನೆ. ತತ್ವಶಾಸ್ತ್ರವೇ ಕಸುಬಾದವನು ಹೀಗೆ ಹೇಳಬೇಕಾದರೆ ದೊಡ್ಡ ಮನಸ್ಸು ಬೇಕು.

ಹಾಗಾದರೆ ಒಬ್ಬರ ಬಾಳು ಸುಖದ್ದಾಯಿತು ಅಂತ ಯಾವಾಗ ಹೇಳಬೇಕು? ಗ್ರೀಕರಲ್ಲಿ ಇದಕ್ಕೊಂದು ಹಳೆಯ ಕಥೆಯಿದೆ, ಹೆರೊಡೋಟಸ್ ಹೇಳಿದ್ದು. ಲಿಡಿಯದ ದೊರೆ ಕ್ರೀಸಸ್ ತನ್ನ ಭಂಡಾರವನ್ನೆಲ್ಲ ಅಥೆನ್ಸಿನ ಸೋಲೊನನಿಗೆ ತೋರಿಸಿ, ಎಲ್ಲರಿಗಿಂತ ಭಾಗ್ಯವಂತ ಯಾರು ಅಂತ ಕೇಳಿದ. ತನ್ನ ಹೆಸರು ಬರುತ್ತದೆ ಅಂತ ಅವನ ನಂಬಿಕೆ. ಸೋಲೊನ್ ಹೇಳಿದ್ದು ಟೆಲ್ಲಸ್ ಎಂಬ ಅಥೆನ್ಸಿನ ಒಬ್ಬ ಸಾಮಾನ್ಯನ ಹೆಸರು: ಒಳ್ಳೆಯ ಮಕ್ಕಳನ್ನು ಪಡೆದ, ಮೊಮ್ಮಕ್ಕಳೆಲ್ಲ ಉಳಿದದ್ದನ್ನು ಕಂಡ, ಊರಿಗಾಗಿ ಕಾದು ಸತ್ತ. ಎಪ್ಪತ್ತು ವರ್ಷದ ಆಯುಷ್ಯದಲ್ಲಿ 26,250 ದಿನ, ಒಂದು ದಿನ ತರುವುದನ್ನು ಇನ್ನೊಂದು ತರುವುದಿಲ್ಲ; ಆದ್ದರಿಂದ ಕೊನೆ ನೋಡುವವರೆಗೂ ಯಾರನ್ನೂ ಭಾಗ್ಯವಂತ ಅನ್ನಬೇಡ, ಅದೃಷ್ಟವಂತ ಅನ್ನು ಸಾಕು ಅಂದ. ಆಮೇಲೆ ಕ್ರೀಸಸ್ ಮಗನನ್ನು ಕಳೆದುಕೊಂಡ, ರಾಜ್ಯ ಕಳೆದುಕೊಂಡ. ಪರ್ಷಿಯದ ಸೈರಸ್ ಅವನನ್ನು ಚಿತೆಗೇರಿಸಿದಾಗ ಮೂರು ಸಲ "ಸೋಲೊನ್" ಎಂದು ಕೂಗಿದನಂತೆ.

ಬಹಳ ವರ್ಷ ನನಗೆ ಇದೇ ವಿವೇಕದ ಕೊನೆಯ ಮಾತು ಅನ್ನಿಸಿತ್ತು. ಹುಷಾರಾಗಿ ಬಾಳುವವರ ಮಾತು ಅದು. ವ್ಯಾಟಿಕನ್ನಿನಲ್ಲಿ ಸಿಕ್ಕ ನುಡಿಗಳಲ್ಲಿ 75ನೆಯದನ್ನು ಓದಿದಾಗ ಎದೆಗೆ ಒದ್ದ ಹಾಗಾಯಿತು. 'ದೀರ್ಘ ಬಾಳಿನ ಕೊನೆ ನೋಡು' ಅನ್ನುವ ಮಾತು ಆಗಿಹೋದ ಒಳ್ಳೆಯದಕ್ಕೆ ಮಾಡುವ ಕೃತಘ್ನತೆ, ಅಂತ ಅದರ ಅರ್ಥ. ಅಂದರೆ ಕೊನೆಯ ಗಳಿಗೆ ಕೆಟ್ಟದ್ದಾಯಿತು ಅನ್ನುವ ಕಾರಣಕ್ಕೆ ಆ ಹಿಂದಿನ ಸಾವಿರಾರು ದಿನ ಸುಳ್ಳಾಗುವುದಿಲ್ಲ. ನನ್ನ ಗೆಳೆಯ ಐವತ್ತೊಂದಕ್ಕೇ ಹೋದ, ಮಗಳ ಮದುವೆ ನೋಡಲಿಲ್ಲ, ಬರೆಯಬೇಕೆಂದಿದ್ದ ಪುಸ್ತಕ ಬರೆಯಲಿಲ್ಲ. ಅವನನ್ನು ನೆನೆದಾಗಲೆಲ್ಲ ನಾನು "ಪಾಪ" ಅನ್ನುತ್ತಿದ್ದೆ. ಸೋಲೊನನ ಲೆಕ್ಕ ಅದು. ಎಪಿಕ್ಯೂರಸನ ಲೆಕ್ಕದಲ್ಲಿ ಕುಕ್ಕರಹಳ್ಳಿ ಏರಿಯ ಸಂಜೆಗಳು ಯಾವ ಸಾವಿನ ಕೈಗೂ ಸಿಗದ ಹಾಗೆ ಜಮೆಯಾಗಿವೆ. ಅದೇ ಸಂಗ್ರಹದ ಇನ್ನೊಂದು ನುಡಿ: ಆದ ಒಳ್ಳೆಯದನ್ನು ಮರೆತವನು ಇವತ್ತೇ ಮುದುಕನಾದ.

ಆ 14 ದಿನದ ಗುಟ್ಟು ಇಲ್ಲಿದೆ ಎಂದು ನನಗೆ ಕಾಣುತ್ತದೆ. ಎಪಿಕ್ಯೂರಸನಿಗೆ ನೆನೆಯುವುದು ಒಂದು ನಿತ್ಯದ ಅಭ್ಯಾಸವಾಗಿತ್ತು. ತೋಟದವರು ಪ್ರತಿ ತಿಂಗಳ 20ನೆಯ ತಾರೀಕು ಸೇರುತ್ತಿದ್ದರು, ತೀರಿಕೊಂಡ ಮೆಟ್ರೊಡೋರಸನನ್ನು ನೆನೆಯುತ್ತಿದ್ದರು. ಇದು ತನ್ನ ನಂತರವೂ ನಡೆಯಬೇಕೆಂದು ಎಪಿಕ್ಯೂರಸ್ ಉಯಿಲಿನಲ್ಲಿ ಬರೆಸಿದ. ನಾನು ಗೆಳೆಯ ಹೋದ ಮೇಲೆ ನಾಲ್ಕು ವರ್ಷದಲ್ಲಿ ಏರಿಯ ಸಂಜೆಗಳನ್ನು ಮನಸ್ಸಿಟ್ಟು ನೆನೆದದ್ದು ಎಷ್ಟು ಸಲ? ಆ ರಾತ್ರಿ ಆಸ್ಪತ್ರೆಯ ಮಂಚದ ಮೇಲೆ ನೆನಪು ತಾನಾಗಿ ಬಂತು, ತಾನಾಗಿ ಹೋಯಿತು. ಕವಾಯತು ಮಾಡಿಸದ ಪಡೆ ಎಷ್ಟು ಹೊತ್ತು ನಿಂತೀತು?

ಈ ಪಂಥದ ಬಗ್ಗೆ ನನಗೆ ಇನ್ನೊಂದು ತಕರಾರಿದೆ. 'ಮರೆಯಲ್ಲಿ ಬಾಳು' ಅನ್ನುವುದು ಎಪಿಕ್ಯೂರಸನ ಉಪದೇಶ. ಊರ ಉಸಾಬರಿ ಬೇಡ, ಅಧಿಕಾರದ ಗೊಡವೆ ಬೇಡ, ಗೆಳೆಯರ ಜೊತೆ ತೋಟದಲ್ಲಿರು. ಊರಿಗೆ ಬೆಂಕಿ ಬಿದ್ದಾಗಲೂ ತೋಟದಲ್ಲಿ ಕೂತಿರುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟವನು ಅವನಲ್ಲ, ಅವನ ನಂತರ ನಾಲ್ಕು ಶತಮಾನ ಕಳೆದ ಮೇಲೆ ಬಂದ ಒಬ್ಬ ಅನುಯಾಯಿ. ಇವನ ಹೆಸರು ಡಯೋಜೆನಿಸ್. ಪೀಪಾಯಿಯಲ್ಲಿ ಮಲಗುತ್ತಿದ್ದನೆಂಬ ಪ್ರಸಿದ್ಧ ಡಯೋಜೆನಿಸ್ ಅಲ್ಲ. ಇಂದಿನ ಟರ್ಕಿಯ ನೈರುತ್ಯದ ಬೆಟ್ಟಗಳಲ್ಲಿ ಓಯ್ನೊಆಂಡ ಅಂತ ಒಂದು ಊರಿತ್ತು, ಅಲ್ಲಿಯವನು. ಕ್ರಿ.ಶ. ಎರಡನೆಯ ಶತಮಾನದಲ್ಲಿ, ವಯಸ್ಸಾಗಿ, ಮೈಗೆ ಹುಷಾರಿಲ್ಲದೆ, ಬಾಳಿನ ಸೂರ್ಯ ಮುಳುಗುವ ಹೊತ್ತಿನಲ್ಲಿ ಅವನು ತನ್ನ ದುಡ್ಡು ಹಾಕಿ ಊರಿನ ಒಂದು ಕಂಬಸಾಲಿನ ಗೋಡೆಯ ಮೇಲೆ ಎಪಿಕ್ಯೂರಸನ ವಿಚಾರಗಳನ್ನೆಲ್ಲ ಕೆತ್ತಿಸಿದ. ಸುಮಾರು 80 ಮೀಟರ್ ಉದ್ದ, ಸುಮಾರು 25,000 ಪದ ಎಂದು ಅಂದಾಜು. ದೊರೆಯ ದಾನವನ್ನೋ ಯುದ್ಧದ ಗೆಲುವನ್ನೋ ಕಲ್ಲಿನಲ್ಲಿ ಬರೆಸುವುದು ನಮ್ಮಲ್ಲೂ ಉಂಟು, ಅಲ್ಲೂ ಉಂಟು. ನೆಮ್ಮದಿಯಾಗಿ ಬಾಳುವುದು ಹೇಗೆ ಅನ್ನುವುದನ್ನು ಇಷ್ಟು ದೊಡ್ಡದಾಗಿ ಕಲ್ಲಿನಲ್ಲಿ ಬರೆಸಿದ ಇನ್ನೊಬ್ಬನನ್ನು ನಾನು ಕೇಳಿಲ್ಲ.

ಯಾಕೆ ಬರೆಸಿದೆ ಅಂತಲೂ ಅದರಲ್ಲೇ ಹೇಳುತ್ತಾನೆ. ಒಬ್ಬಿಬ್ಬರು, ಮೂವರು ನಾಲ್ವರು ಕಷ್ಟದಲ್ಲಿದ್ದರೆ ಒಬ್ಬೊಬ್ಬರನ್ನೇ ಕರೆದು ಮಾತಾಡಬಹುದಿತ್ತು. ಆದರೆ ಪ್ಲೇಗು ಬಂದಾಗಿನ ಹಾಗೆ ಹೆಚ್ಚು ಪಾಲು ಜನ ತಪ್ಪು ಕಲ್ಪನೆಗಳ ಕಾಯಿಲೆಯಲ್ಲಿದ್ದಾರೆ, ಕುರಿಗಳ ಹಾಗೆ ಒಬ್ಬರಿಂದೊಬ್ಬರಿಗೆ ಅಂಟಿಸಿಕೊಳ್ಳುತ್ತಿದ್ದಾರೆ. ಆದ್ದರಿಂದ ಈ ಗೋಡೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಮದ್ದನ್ನು ಇಟ್ಟಿದ್ದೇನೆ. ಪರದೇಶದವರಿಗೂ ಇದು, ಪರದೇಶದವರು ಅನ್ನುವುದು ಹೆಸರಿಗೆ ಮಾತ್ರ. ಭೂಮಿಯ ತುಂಡು ತುಂಡು ಹಿಡಿದರೆ ಒಬ್ಬೊಬ್ಬರಿಗೆ ಒಂದೊಂದು ದೇಶ, ಇಡಿಯಾಗಿ ಹಿಡಿದರೆ ಎಲ್ಲರಿಗೂ ಒಂದೇ ದೇಶ, ಒಂದೇ ಮನೆ. ನಮ್ಮ ನಂತರ ಬರುವವರಿಗೂ ಇದು. ಇನ್ನೂ ಹುಟ್ಟಿಲ್ಲದಿದ್ದರೂ ಅವರೂ ನಮ್ಮವರೇ.

ಆ ಗೋಡೆ ನಿಲ್ಲಲಿಲ್ಲ. ಮುಂದೆ ಬಂದವರು ಕಲ್ಲುಗಳನ್ನು ಕಿತ್ತು ಬೇರೆ ಕಟ್ಟಡಗಳಿಗೆ ಬಳಸಿದರು. 1884ರಲ್ಲಿ ಇಬ್ಬರು ಫ್ರೆಂಚ್ ವಿದ್ವಾಂಸರ ಕಣ್ಣಿಗೆ ಮೊದಲ ತುಣುಕುಗಳು ಬಿದ್ದವು. ಅಂದಿನಿಂದ ಹುಡುಕುತ್ತಲೇ ಇದ್ದಾರೆ, ಇಲ್ಲಿವರೆಗೆ 300ಕ್ಕೂ ಹೆಚ್ಚು ತುಂಡು ಸಿಕ್ಕಿವೆ. ಪೂರ್ತಿ ಬರಹದಲ್ಲಿ ಅದು ಒಂದು ಪಾಲಷ್ಟೇ. ಮಿಕ್ಕದ್ದು ಇನ್ನೂ ಆ ಬೆಟ್ಟದ ಮಣ್ಣಿನಲ್ಲಿ ಬಿದ್ದಿರಬೇಕು. ನಾನು ಆ ತುಣುಕುಗಳ ಚಿತ್ರ ನೋಡುತ್ತಾ ಕೂತಿದ್ದೆ. ಅಕ್ಷರ ಮುಗಿಯುವ ಮೊದಲೇ ಒಡೆದ ಅಂಚು, ಅದರ ಮೇಲೆ ಹಬ್ಬಿದ ಪಾಚಿ. ಆ ಮುದುಕನ ದುಡ್ಡು ವ್ಯರ್ಥವಾಗಲಿಲ್ಲವಲ್ಲ ಅನ್ನಿಸಿ ಕಣ್ಣು ತುಂಬಿ ಬಂತು.

ಮತ್ತೆ ಕಾಗದಕ್ಕೆ ಬರುತ್ತೇನೆ. ರೋಮಿನ ಸಿಸೆರೊ ಆ ಕಾಗದವನ್ನು ಲ್ಯಾಟಿನ್ನಿಗೆ ತಂದು, ಅದನ್ನೇ ಹಿಡಿದು ಎಪಿಕ್ಯೂರಸನ ಮೇಲೆ ವಾದ ಹೂಡಿದ. ಕಾಗದ ಬರೆದವನ ಗುಣ ದೊಡ್ಡದು, ಒಪ್ಪಿದೆ. ಆದರೆ ಸುಖವೇ ಪರಮ ಅಂದವನಿಗೆ ಸತ್ತ ಗೆಳೆಯನ ಮಕ್ಕಳ ಚಿಂತೆ ಎಲ್ಲಿಂದ ಬಂತು? ಅವು ಬೆಳೆದು ದೊಡ್ಡವಾಗುವ ಹೊತ್ತಿಗೆ ಇವನಿಲ್ಲ, ಇವನ ಸುಖವೂ ಇಲ್ಲ. ಅವನ ನಡತೆ ಅವನ ಸಿದ್ಧಾಂತವನ್ನು ಸುಳ್ಳು ಮಾಡಿತು, ಅನ್ನುತ್ತಾನೆ ಸಿಸೆರೊ. ಗಟ್ಟಿ ವಾದ. ನನ್ನ ಗೆಳೆಯ ಇದನ್ನೂ ಹೇಳಿದ್ದ, ಇದಕ್ಕೆ ಉತ್ತರ ನನಗೂ ಸರಿಯಾಗಿ ಗೊತ್ತಿಲ್ಲ ಅಂದಿದ್ದ.

ಉಯಿಲು ಓದಿದ ಮೇಲೆ ನನಗೆ ಒಂದು ಉತ್ತರ ಹೊಳೆದಿದೆ. ಮೆಟ್ರೊಡೋರಸ್ ಎಪಿಕ್ಯೂರಸನಿಗಿಂತ ಏಳು ವರ್ಷ ಮೊದಲೇ ಸತ್ತಿದ್ದ. ಅವನ ಮಗನ ಹೆಸರು ಎಪಿಕ್ಯೂರಸ್! ಗೆಳೆಯನ ಹೆಸರನ್ನೇ ಮಗನಿಗೆ ಇಟ್ಟಿದ್ದ. ಏಳು ವರ್ಷ ಆ ಹುಡುಗನ ಹೆಸರು ಹಿಡಿದು ಕರೆದಾಗಲೆಲ್ಲ ಈ ಮುದುಕನಿಗೆ ಕೇಳಿಸುತ್ತಿದ್ದದ್ದು ಸತ್ತ ಗೆಳೆಯನ ಪ್ರೀತಿ. ಉಯಿಲಿನಲ್ಲಿ ಆ ಹುಡುಗನಿಗೂ, ಪಾಲಿಯೀನಸ್ ಎಂಬ ಇನ್ನೊಬ್ಬ ಸತ್ತ ಗೆಳೆಯನ ಮಗನಿಗೂ ಊಟ ವಸತಿಗೆ ವ್ಯವಸ್ಥೆ ಮಾಡಿದ್ದಾನೆ. ಮೆಟ್ರೊಡೋರಸನ ಮಗಳು ದೊಡ್ಡವಳಾದ ಮೇಲೆ ಮದುವೆ ಮಾಡಬೇಕು, ಅದಕ್ಕೆ ತೋಟದ ಆದಾಯದಿಂದ ಇಷ್ಟು ಎತ್ತಿಡಬೇಕು ಅಂತ ಬರೆಸಿದ್ದಾನೆ. ಸಾಲದ ಕಾಗದಪತ್ರ ನೋಡಿ ನೋಡಿ ಬೆಳೆದ ನನ್ನ ಕಣ್ಣಿಗೆ ಇದು ಬಹಳ ಅಚ್ಚುಕಟ್ಟಾದ ಉಯಿಲು. ಸಿಸೆರೊ ನೆನಪನ್ನೂ ಮಕ್ಕಳ ಚಿಂತೆಯನ್ನೂ ಎರಡಾಗಿ ಎಣಿಸಿದ. ಕಾಗದದಲ್ಲಿ ಅವು ಒಂದರ ಹಿಂದೆ ಒಂದು ಬರುತ್ತವೆ, ನಡುವೆ ಬಿರುಕೇ ಇಲ್ಲ. ಆಡಿದ ಮಾತುಗಳ ನೆನಪು ನಿಜವಾಗಿ ಎದೆಯಲ್ಲಿದ್ದರೆ, ಆಡಿದವನ ಮಗು ಎದುರಿಗಿರುವಾಗ ಅದು ಸುಮ್ಮನೆ ಕೂರಲಾರದು. ಆ ಮುದುಕನಿಗೆ ಅದು ಧರ್ಮವೂ ಆಗಿರಲಿಲ್ಲ, ತ್ಯಾಗವೂ ಆಗಿರಲಿಲ್ಲ ಅನ್ನಿಸುತ್ತದೆ. ಅದು ಅವನ ಸುಖದ್ದೇ ಒಂದು ಭಾಗ.

ಇದನ್ನು ಯೋಚಿಸಿದ್ದು ಕಲ್ಲು ಹೋದ ಮರುದಿನ. ಜಗಲಿಯಲ್ಲಿ ಕೂತಿದ್ದೆ, ಪಕ್ಕದಲ್ಲಿ ಹೆಂಡತಿ ಇಟ್ಟುಹೋದ ಎರಡು ಲೀಟರಿನ ನೀರಿನ ಚೊಂಬು. ಗೆಳೆಯನ ಮಗಳಿಗೆ ಈಗ ಇಪ್ಪತ್ತೆರಡಿರಬೇಕು. ಅವನ ವೈಕುಂಠ ಸಮಾರಾಧನೆಯ ದಿನ ನಾನು ಅವಳ ತಲೆಯ ಮೇಲೆ ಕೈಯಿಟ್ಟು, "ಏನು ಬೇಕಿದ್ದರೂ ಕೇಳು ಪುಟ್ಟ" ಅಂದಿದ್ದೆ. ಮೊದಲ ವರ್ಷ ಎರಡು ಮೂರು ಸಲ ಫೋನ್ ಮಾಡಿದೆ. ಆಮೇಲೆ ಹಬ್ಬಕ್ಕೆ ಮೆಸೇಜು. ಆಮೇಲೆ ಅದೂ ಇಲ್ಲ. ಅವಳು ಏನೂ ಕೇಳಿರಲಿಲ್ಲ. ಕೇಳು ಅಂದವನು ನಾನು, ಕೇಳುವ ಭಾರವನ್ನು ಆ ಮಗುವಿನ ಮೇಲೆ ಹೊರಿಸಿ ಬಂದಿದ್ದೆ.

ಫೋನ್ ಮಾಡಿದೆ. ಮೂರನೆಯ ರಿಂಗಿಗೆ ಎತ್ತಿದಳು.

"ಮಾಮ! ಹೇಗಿದೀರಾ?"

"ಚೆನ್ನಾಗಿದೀನಿ ಪುಟ್ಟ. ಕಿಡ್ನಿ ಸ್ಟೋನ್ ಆಗಿತ್ತು, ಈಗ ಹೋಯ್ತು."

"ಅಯ್ಯೋ, ತುಂಬಾ ನೋವಾಗುತ್ತಂತೆ."

"ಆಗುತ್ತೆ," ಅಂದೆ. "ನಿಮ್ಮಪ್ಪನಿಗೆ ಒಂದು ವಿಷಯ ಹೇಳಬೇಕಿತ್ತು. ನಿನಗೆ ಹೇಳ್ತೀನಿ. ಬಿಡುವಿದೆಯಾ?"

ಅವಳು ಯಾರಿಗೋ, "ನೀವು ಊಟ ಮಾಡ್ತಿರಿ, ಬರ್ತೀನಿ" ಅಂದದ್ದು ಕೇಳಿಸಿತು. ಬಾಗಿಲು ಮುಚ್ಚಿದ ಸದ್ದು, ಮೆಟ್ಟಿಲು ಹತ್ತುವ ಸದ್ದು, ಆಮೇಲೆ ಗಾಳಿ. ಹಾಸ್ಟೆಲಿನ ತಾರಸಿಗೆ ಬಂದಿರಬೇಕು.

"ಹೇಳಿ ಮಾಮ," ಅಂದಳು.